ನೀಲಿ ಪರದೆ ಬಂತೆಂದು ಫಾರ್ಮ್ಯಾಟ್ ಮಾಡಿಸಬೇಡಿ: ಕರಾವಳಿಯ ಮನೆ ಕಂಪ್ಯೂಟರ್‌ಗೆ ದೋಷ ನಿವಾರಣೆ ಕೈಪಿಡಿ

ಕೆಲಸ ಮಾಡುತ್ತಿರುವಾಗಲೇ ಪರದೆ ಪೂರ್ತಿ ನೀಲಿಯಾಗುತ್ತದೆ. ಒಂದು ಸಪ್ಪೆ ಮೋರೆಯ ಗುರುತು, ಕೆಳಗೆ ನಾಲ್ಕು ಸಾಲು ಇಂಗ್ಲಿಷ್. ಆಮೇಲೆ ತಾನಾಗಿಯೇ ರೀಸ್ಟಾರ್ಟ್. 2025ರಿಂದ ಹೊಸ ವಿಂಡೋಸ್ 11ರಲ್ಲಿ ಈ ಪರದೆ ಕಪ್ಪಾಗಿದೆ, ಮೋರೆಯ ಗುರುತನ್ನೂ ತೆಗೆದಿದ್ದಾರೆ. ಬಣ್ಣ ಬೇರೆಯಾದರೂ ವಿಷಯ ಅದೇ.

ಕಾರವಾರ, ಅಂಕೋಲಾ, ಕುಮಟಾ ಕಡೆ ಇದಕ್ಕೆ ಸಿಗುವ ಮೊದಲ ಸಲಹೆ "ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿಸಿ" ಅನ್ನೋದು. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಹವೆಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ತೇವದ ಥಂಡಿ, ಉಪ್ಪುಗಾಳಿ ಮತ್ತು ಕರೆಂಟ್. ರ್‍ಯಾಮ್‌ನ (ಕೆಲಸದ ಹೊತ್ತಿನ ನೆನಪಿನ ಕಡ್ಡಿಯ) ಕಾಲುಗಳ ಮೇಲೆ ಪೊರೆ ಕಟ್ಟಿದ್ದರೆ ಫಾರ್ಮ್ಯಾಟ್ ಅದನ್ನು ತೆಗೆಯುವುದಿಲ್ಲ. ದುಡ್ಡು ಹೋಗುತ್ತದೆ, ಫೋಟೋಗಳು, ಮಕ್ಕಳ ಪ್ರಾಜೆಕ್ಟ್, ಅಂಗಡಿಯ ಲೆಕ್ಕ ಎಲ್ಲ ಹೋಗುತ್ತವೆ, ವಾರದಲ್ಲಿ ನೀಲಿ ಪರದೆ ಮಾತ್ರ ಮತ್ತೆ ಬರುತ್ತದೆ.

ವಿಂಡೋಸ್ ಬೇಕಂತಲೇ ಹೀಗೆ ನಿಲ್ಲುತ್ತದೆ. ಒಳಗೆ ಏನೋ ತಪ್ಪಾಗಿದೆ, ಹೀಗೇ ಮುಂದುವರಿದರೆ ಡೇಟಾ ಹಾಳಾಗಬಹುದು ಅಂತ ಗೊತ್ತಾದಾಗ ಎಲ್ಲ ಕೆಲಸ ನಿಲ್ಲಿಸಿ, ಕಾರಣವನ್ನು ಬರೆದಿಟ್ಟು ರೀಸ್ಟಾರ್ಟ್ ಆಗುತ್ತದೆ. ಆ ಬರಹವೇ ಸ್ಟಾಪ್ ಕೋಡ್. ಎಲ್ಲಿ ಎಡವಿತು ಅಂತ ಅದು ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಅಂತ ಯಾವಾಗಲೂ ಹೇಳುವುದಿಲ್ಲ. ಅದಕ್ಕೇ ಕೋಡ್ ಎಷ್ಟು ಮುಖ್ಯವೋ "ಯಾವಾಗ ಬಂತು" ಅನ್ನೋದೂ ಅಷ್ಟೇ ಮುಖ್ಯ.

ಪರದೆಯಲ್ಲಿ ಫೋನ್ ನಂಬರ್ ಇದೆಯಾ?

ಇದನ್ನು ಎಲ್ಲಕ್ಕಿಂತ ಮೊದಲು ನೋಡಿ. ಪರದೆ ನೀಲಿಯಾಗಿ, ಜೋರಾಗಿ ಸೈರನ್ ಹೊಡೆದು, "ಈ ನಂಬರಿಗೆ ಕರೆ ಮಾಡಿ" ಅಂತ ಇದ್ದರೆ ಅದು ಮೋಸ. ನಿಜವಾದ ನೀಲಿ ಪರದೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಅದು ಬ್ರೌಸರ್‌ನಲ್ಲಿ ಪೂರ್ತಿ ಪರದೆ ತುಂಬಿಕೊಂಡ ಒಂದು ಪುಟ, ಅಷ್ಟೇ. ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಚ್ಚಿ. ಕರೆ ಮಾಡಬೇಡಿ. ಯಾರು ಹೇಳಿದರೂ ರಿಮೋಟ್ ಆ್ಯಪ್ ಹಾಕಿಕೊಳ್ಳಬೇಡಿ. ಆಗಲೇ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಕೋಡ್ ಓದುವಷ್ಟರಲ್ಲಿ ರೀಸ್ಟಾರ್ಟ್ ಆಗಿಬಿಡುತ್ತದೆ

ವಿಂಡೋಸ್‌ನ ಸರ್ಚ್‌ನಲ್ಲಿ "ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್" ಹುಡುಕಿ. ಅದರಲ್ಲಿ "ಸ್ಟಾರ್ಟಪ್ ಆ್ಯಂಡ್ ರಿಕವರಿ" ಅಂತ ಇರುತ್ತದೆ. ಅಲ್ಲಿಯ ಸೆಟ್ಟಿಂಗ್ಸ್ ತೆರೆದು "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಮುಂದಿನ ಟಿಕ್ ತೆಗೆಯಿರಿ. ಇನ್ನು ಮುಂದೆ ಪರದೆ ಹಾಗೆಯೇ ನಿಂತಿರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೋಡ್ ಕೆಳಗೆ ಯಾವುದಾದರೂ ಫೈಲಿನ ಹೆಸರಿದ್ದರೆ ಅದೂ ಫೋಟೋದಲ್ಲಿ ಬರಲಿ.

ಹಿಂದೆ ಆದದ್ದನ್ನು ನೋಡಲು ಸರ್ಚ್‌ನಲ್ಲಿ "ರಿಲಯಬಿಲಿಟಿ ಹಿಸ್ಟರಿ" ಹುಡುಕಿ. ಯಾವ ದಿನ ಕ್ರ್ಯಾಶ್ ಆಯಿತು, ಆ ದಿನ ಯಾವ ಅಪ್‌ಡೇಟ್ ಬಂತು, ಏನು ಹೊಸದಾಗಿ ಸೇರಿತು ಅಂತ ಕ್ಯಾಲೆಂಡರಿನಂತೆ ತೋರಿಸುತ್ತದೆ. ಇಷ್ಟು ಉಪಯೋಗದ ಜಾಗವನ್ನು ಜಾಸ್ತಿ ಜನ ತೆರೆದೇ ನೋಡಿಲ್ಲ.

ಇದರ ಜೊತೆಗೆ ಒಂದು ಚೀಟಿಯಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ ಬಂತು, ಆಗ ಏನು ಮಾಡುತ್ತಿದ್ದಿರಿ, ಮಳೆ ಇತ್ತಾ, ಕರೆಂಟ್ ಹೋಗಿ ಬಂದಿತ್ತಾ.

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದೆ ಅಂದರೆ ಈಗಲೇ ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕ್‌ಗೋ ನಕಲು ಮಾಡಿ. ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಆನ್ ಇದೆಯಾ ಅಂತಲೂ ನೋಡಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ನೀವು ಕೇಳದೆಯೇ ಆನ್ ಆಗಿರುತ್ತದೆ. ಅದರ 48 ಅಂಕಿಗಳ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ (ವಿಂಡೋಸ್‌ಗಿಂತ ಮೊದಲು ತೆರೆಯುವ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್) ಮುಟ್ಟಿದ ಮೇಲೆ ಆ ಕೀ ಕೇಳಿದರೆ, ಕೈಯಲ್ಲಿ ಇಲ್ಲದಿದ್ದರೆ ಡೇಟಾ ಸಿಗುವುದಿಲ್ಲ.

ಒಂದೇ ಸಲ ಬಂತು, ಮತ್ತೆ ಬರಲಿಲ್ಲ

ಫೋಟೋ ಇಟ್ಟುಕೊಂಡು ಸುಮ್ನೆ ಇರಿ. ತಿಂಗಳುಗಟ್ಟಲೆ ಸರಿಯಾಗಿ ನಡೆದ ಯಂತ್ರದಲ್ಲಿ ಒಮ್ಮೆ ಬಂದುಹೋದರೆ ಅದಕ್ಕಾಗಿ ಬಿಚ್ಚಬೇಕಾಗಿಲ್ಲ. ಎರಡನೇ ಸಲ ಬಂದರೆ ಮುಂದೆ ಓದಿ.

ಹೊಸದೇನೋ ಹಾಕಿದ ಮೇಲೆ ಶುರುವಾಯಿತು

ಹೊಸ ಪ್ರಿಂಟರ್, ಯುಎಸ್‌ಬಿ ವೈಫೈ ಡಾಂಗಲ್, ಗ್ರಾಫಿಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್), ಎರಡನೇ ಆ್ಯಂಟಿವೈರಸ್, ಇಲ್ಲವೇ ವಿಂಡೋಸ್ ಅಪ್‌ಡೇಟ್. ಇವುಗಳ ಮರುದಿನವೇ ನೀಲಿ ಪರದೆ ಶುರುವಾಗಿದ್ದರೆ ಅನುಮಾನ ಅಲ್ಲಿಂದಲೇ ಶುರುವಾಗಲಿ. ಒಂದೇ ಕೋಡ್ ಮತ್ತೆ ಮತ್ತೆ ಬರುವುದು, ಜೊತೆಗೆ ಒಂದೇ ಫೈಲಿನ ಹೆಸರು ಕಾಣುವುದು ಡ್ರೈವರ್ ತೊಂದರೆಯ ಗುರುತು. "ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್" ಇದರಲ್ಲಿ ಸಾಮಾನ್ಯ. "ವಿಡಿಯೊ ಟಿಡಿಆರ್" ಅಂತ ಇದ್ದರೆ ಗ್ರಾಫಿಕ್ಸ್ ಕಡೆ ನೋಡಿ.

ಮೊದಲು ಕೀಬೋರ್ಡ್, ಮೌಸ್ ಬಿಟ್ಟು ಯುಎಸ್‌ಬಿಯಲ್ಲಿರುವ ಎಲ್ಲವನ್ನೂ ಕಿತ್ತು ಒಂದು ದಿನ ನಡೆಸಿ ನೋಡಿ. ಇದಕ್ಕೆ ಖರ್ಚೇ ಇಲ್ಲ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು "ರೋಲ್ ಬ್ಯಾಕ್ ಡ್ರೈವರ್" ಕೊಡಿ. ಅದು ಮಸುಕಾಗಿದ್ದರೆ ಡ್ರೈವರ್ ತೆಗೆದು, ತಯಾರಕರ ಸೈಟಿನಿಂದಲೇ ಹೊಸದಾಗಿ ಹಾಕಿ. "ಡ್ರೈವರ್ ಅಪ್‌ಡೇಟರ್" ಅಂತ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹತ್ತಿರ ಹೋಗಬೇಡಿ.

ವಿಂಡೋಸ್ ಪೂರ್ತಿ ತೆರೆಯುವ ಮೊದಲೇ ನಿಂತರೆ ಸೇಫ್ ಮೋಡ್ ಬೇಕು, ಅದರಲ್ಲಿ ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ನಡೆಯುತ್ತವೆ. ಲಾಗಿನ್ ಪರದೆ ಸಿಕ್ಕರೆ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ಅದೂ ಸಿಗದಿದ್ದರೆ, ಲೋಗೋ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಆದ ಮೇಲೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಕೊನೆಗೆ 4 ಒತ್ತಿ. ಸೇಫ್ ಮೋಡ್‌ನಲ್ಲಿ ಗಂಟೆಗಟ್ಟಲೆ ಚೆನ್ನಾಗಿ ನಡೆದರೆ ಡ್ರೈವರ್ ಅಥವಾ ಸಾಫ್ಟ್‌ವೇರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಅಲ್ಲೂ ನೀಲಿ ಪರದೆ ಬಂದರೆ ಹಾರ್ಡ್‌ವೇರ್ ಕಡೆ ತಿರುಗಿ. ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಸಿಸ್ಟಮ್ ರಿಸ್ಟೋರ್ ಇದೆ, ತೊಂದರೆಗೆ ಮೊದಲಿನ ದಿನಕ್ಕೆ ಹೋಗಬಹುದು. ಅಪ್‌ಡೇಟ್ ತೆಗೆಯುವ ಆಯ್ಕೆಯೂ ಅಲ್ಲೇ ಇದೆ.

ಒಂದು ಕೆಟ್ಟ ಅಪ್‌ಡೇಟ್ ಏನು ಮಾಡಬಲ್ಲದು ಅಂತ ಜುಲೈ 19, 2024ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಒಂದು ದೋಷದ ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ಅವುಗಳಲ್ಲಿ ಹೆಚ್ಚಿನವಕ್ಕೆ ಫಾರ್ಮ್ಯಾಟ್ ಬೇಕಾಗಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಫೈಲ್ ಅಳಿಸಿದರೆ ಸಾಕಾಗುತ್ತಿತ್ತು.

ಮಳೆಗಾಲದಲ್ಲಿ ಜಾಸ್ತಿ, ಪ್ರತಿ ಸಲ ಬೇರೆ ಬೇರೆ ಕೋಡ್

ನಮ್ಮ ಜಿಲ್ಲೆಯವರು ಮನಸ್ಸಿಟ್ಟು ಓದಬೇಕಾದ ಭಾಗ ಇದು.

ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ನೀಲಿ ಪರದೆ. ರೀಸ್ಟಾರ್ಟ್ ಆದ ಮೇಲೆ ಇನ್ನೊಂದು ಸಲ. ಯಂತ್ರ ಸ್ವಲ್ಪ ಬೆಚ್ಚಗಾದ ಮೇಲೆ ಸರಿಯಾಗಿ ನಡೆಯುತ್ತದೆ. ನಾಲ್ಕು ದಿನ ಊರಿಗೆ ಹೋಗಿ ಬಂದ ಮೇಲೆ ಇನ್ನೂ ಜಾಸ್ತಿ. ಕೋಡ್ ಒಮ್ಮೆ "ಮೆಮೊರಿ ಮ್ಯಾನೇಜ್‌ಮೆಂಟ್", ಒಮ್ಮೆ "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ", ಇನ್ನೊಮ್ಮೆ ಬೇರೆ ಏನೋ. ಕೆಲವೊಮ್ಮೆ ಪರದೆಯೇ ಬರದೆ ಬೀಪ್ ಬೀಪ್ ಸದ್ದು ಮಾತ್ರ.

ಇದು ರ್‍ಯಾಮ್ ಕಡೆಯ ಗುರುತು. ವಿಂಡೋಸ್‌ನ ಎಲ್ಲ ಕೆಲಸವೂ ರ್‍ಯಾಮ್ ಮೇಲೇ ನಡೆಯುತ್ತದೆ, ಅಲ್ವಾ? ಅದು ತಪ್ಪು ಮಾಹಿತಿ ಕೊಟ್ಟರೆ ಯಾವ ಭಾಗ ಬೇಕಾದರೂ ಎಡವಬಹುದು. ಅದಕ್ಕೇ ಕೋಡ್ ಬದಲಾಗುತ್ತಾ ಇರುತ್ತದೆ. ಎಷ್ಟೋ ಸಲ ರ್‍ಯಾಮ್ ಕೆಟ್ಟಿರುವುದೇ ಇಲ್ಲ. ಅದರ ಕಾಲುಗಳೂ ಸ್ಲಾಟೂ ಸರಿಯಾಗಿ ತಾಗುತ್ತಿರುವುದಿಲ್ಲ. ಕೋಡಿಬಾಗ, ಮಾಜಾಳಿ, ಬೈತಖೋಲ್‌ನಂಥ ಸಮುದ್ರದಂಚಿನಲ್ಲಿ ಉಪ್ಪಿನ ಅಂಶದ ಗಾಳಿ ಒಳಗೆ ಹೋಗಿ ಲೋಹದ ಮೇಲೆ ಕೂರುತ್ತದೆ. ಉಪ್ಪು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ತೆಳುವಾದ ಪೊರೆ ಕಟ್ಟುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಉಪ್ಪುಗಾಳಿ ಇಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆಯಿರುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಬೆಚ್ಚನೆಯ ಜಾಗ ಹುಡುಕಿಕೊಂಡು ಇರುವೆ, ಜಿರಳೆ, ಹಲ್ಲಿ ಕ್ಯಾಬಿನೆಟ್ ಒಳಗೆ ಸೇರುತ್ತವೆ.

ಡೆಸ್ಕ್‌ಟಾಪ್ ಆದರೆ ಈ ಕೆಲಸ ಮನೆಯಲ್ಲೇ ಮಾಡಬಹುದು. ಹೊರಗೆ ಗುಡುಗು ಇಲ್ಲದ ಹೊತ್ತು ನೋಡಿ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕೀಳಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೆಚ್ಚಾಗಿ ಇಳಿಯುತ್ತದೆ. ಕೈ ಒಣಗಿರಲಿ. ಪಕ್ಕದ ಮುಚ್ಚಳ ತೆಗೆದು, ಮೊದಲು ಕ್ಯಾಬಿನೆಟ್‌ನ ಬರಿ ಲೋಹದ ಭಾಗ ಮುಟ್ಟಿ. ಮೈಯಲ್ಲಿನ ಸ್ಥಿರ ವಿದ್ಯುತ್ ಅದರಿಂದ ಹೋಗುತ್ತದೆ.

ರ್‍ಯಾಮ್ ಸ್ಲಾಟಿನ ತುದಿಯ ಕ್ಲಿಪ್ ಒತ್ತಿದರೆ ಕಡ್ಡಿ ಮೇಲೆ ಬರುತ್ತದೆ. ಅಂಚು ಹಿಡಿದು ತೆಗೆಯಿರಿ, ಬಂಗಾರದ ಬಣ್ಣದ ಕಾಲುಗಳನ್ನು ಬೆರಳಿನಿಂದ ಮುಟ್ಟಬೇಡಿ. ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಇನ್ನೂ ಒಳ್ಳೆಯದು ಐಸೋಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಐಪಿಎ ಅಂತ ಕೇಳಿದರೆ ಗೊತ್ತಾಗುತ್ತದೆ. ನೂಲು ಬಿಡದ ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ. ಅದು ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರದಲ್ಲಿ ದೀಪ, ಊದುಬತ್ತಿ ಇರಬಾರದು. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಸ್ಲಾಟಿನೊಳಗೆ ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವ ಇರುತ್ತದೆ. ಹೇರ್ ಡ್ರೈಯರ್‌ನ ಬಿಸಿ ಗಾಳಿಯೂ ಬೇಡ.

ಮತ್ತೆ ಕೂರಿಸುವಾಗ ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ. ಕಡ್ಡಿ ಎರಡಿದ್ದರೆ ಈಗ ಒಂದನ್ನೇ ಹಾಕಿ ನಡೆಸಿ ನೋಡಿ. ಆಮೇಲೆ ಇನ್ನೊಂದನ್ನು ಅದೇ ಸ್ಲಾಟಿನಲ್ಲಿ ನೋಡಿ. ಯಾವುದೇ ಸ್ಲಾಟಿನಲ್ಲೂ ಒಂದೇ ಕಡ್ಡಿ ತೊಂದರೆ ಕೊಟ್ಟರೆ ಆ ಕಡ್ಡಿ ಹೋಗಿದೆ. ಯಾವ ಕಡ್ಡಿ ಹಾಕಿದರೂ ಒಂದು ಸ್ಲಾಟಿನಲ್ಲಿ ಮಾತ್ರ ತೊಂದರೆಯಾದರೆ ಮದರ್‌ಬೋರ್ಡ್ ಕಡೆ ಅನುಮಾನ ಪಡಬೇಕು.

ಕೊನೆಗೆ ಪರೀಕ್ಷೆ. ಸರ್ಚ್‌ನಲ್ಲಿ "ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್" ಹುಡುಕಿ ನಡೆಸಿ. ಪರೀಕ್ಷೆ ಶುರುವಾದ ಮೇಲೆ ಎಫ್1 ಒತ್ತಿ "ಎಕ್ಸ್‌ಟೆಂಡೆಡ್" ಆರಿಸಿದರೆ ಆಳವಾಗಿ ನೋಡುತ್ತದೆ. ಪೆನ್‌ಡ್ರೈವ್‌ನಿಂದ ನಡೆಯುವ ಮೆಮ್‌ಟೆಸ್ಟ್86 ಇನ್ನೂ ನಂಬಿಕೆಯದ್ದು, ರಾತ್ರಿಯಿಡೀ ನಡೆಯಲು ಬಿಡಿ. ಇದರಲ್ಲಿ ಒಂದೇ ಒಂದು ತಪ್ಪು ಸಿಕ್ಕರೂ ಆ ರ್‍ಯಾಮ್‌ನಲ್ಲಿ ಕೆಲಸ ಮಾಡಬೇಡಿ. ಗೇಮಿಂಗ್‌ಗಾಗಿ ಜೋಡಿಸಿದ ಕಂಪ್ಯೂಟರ್ ಆದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ ನೋಡಿ. ರ್‍ಯಾಮ್‌ನ ವೇಗ ಹೆಚ್ಚಿಸಿದ್ದೇ ತೊಂದರೆಯಾಗಿರಬಹುದು.

ಮುಂದೆ ಹೀಗಾಗದಂತೆ, ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡಬೇಡಿ. ಸಮುದ್ರದ ಕಡೆಯ ಕಿಟಕಿ ಹತ್ತಿರವೂ ಬೇಡ, ಚಿರೇಕಲ್ಲಿನ ಒದ್ದೆ ಗೋಡೆಗೆ ತಾಗಿಸಿಯೂ ಬೇಡ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಆನ್ ಮಾಡಿ, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಸಾಕು. ಅದನ್ನೂ ಆನ್ ಮಾಡುವ ಮೊದಲು ತೆಗೆಯಿರಿ.

ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ಬರುತ್ತದೆ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ. ಫ್ಯಾನ್ ಕಿರುಚುತ್ತದೆ, ಗೇಮ್ ಅಥವಾ ವಿಡಿಯೊ ಎಡಿಟಿಂಗ್ ಮಾಡುವಾಗ ನಿಲ್ಲುತ್ತದೆ. ಇದು ಬಿಸಿಯ ಗುರುತು. ಕೋಡ್ "ಡಬ್ಲ್ಯುಎಚ್‌ಇಎ ಅನ್‌ಕರೆಕ್ಟೆಬಲ್ ಎರರ್" ಇದ್ದರೆ ಬಿಸಿ, ವೋಲ್ಟೇಜ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ಎಚ್‌ಡಬ್ಲ್ಯುಇನ್ಫೋದಂಥ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರ್ ಉಷ್ಣತೆ ನೋಡಿ. ಸುಮ್ಮನಿರುವಾಗಲೇ 70 ಡಿಗ್ರಿ ದಾಟಿದರೆ, ಕೆಲಸ ಕೊಟ್ಟ ಕೂಡಲೇ 95, 100ಕ್ಕೆ ಮುಟ್ಟಿದರೆ ಗಾಳಿ ಸರಿಯಾಗಿ ಓಡಾಡದೆ ಇರಬಹುದು.

ಮೇಲೆ ಹೇಳಿದಂತೆ ಪ್ಲಗ್ ಕಿತ್ತು, ಹೀಟ್‌ಸಿಂಕ್‌ನ (ಪ್ರೊಸೆಸರ್ ಬಿಸಿ ಹೊರಹಾಕುವ ಲೋಹದ ಭಾಗ) ಧೂಳು ತೆಗೆಯಿರಿ. ಬ್ರಷ್, ಗಾಳಿ ಹೊಡೆಯುವ ಬ್ಲೋವರ್ ಎರಡೂ ಆಗುತ್ತವೆ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಅಡಿಕೆ ಸುಲಿಯುವ ಮನೆಗಳಲ್ಲಿ ಒಲೆಯ ಹೊಗೆಯೂ ಸೇರಿ ಧೂಳು ಅಂಟಿಕೊಂಡಿರುತ್ತದೆ, ವರ್ಷಕ್ಕೆರಡು ಸಲ ತೆಗೆಯಬೇಕು. ಹಳೆಯ ಯಂತ್ರವಾದರೆ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಅಭ್ಯಾಸ ಇಲ್ಲದಿದ್ದರೆ ಅದನ್ನು ಅಂಗಡಿಯವರಿಗೇ ಬಿಡಿ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ದೋಷವಿದೆ ಅಂತ ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಬಯೋಸ್ ಅಪ್‌ಡೇಟ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. ನಿಮ್ಮದು ಅದೇ ಆಗಿದ್ದರೆ ವಾರಂಟಿ ಕೇಳಿ.

ನೀಲಿ ಪರದೆಯೂ ಇಲ್ಲ, ಫಕ್ಕನೆ ಆಫ್ ಆಗಿ ಆನ್ ಆಗುತ್ತದೆ

ವಿಂಡೋಸ್ ತನ್ನ ದಾಖಲೆ ಇಡುವ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಅಂತ ಇದ್ದು, ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ಸ್ಟಾಪ್ ಕೋಡ್‌ನ ಅಂಕಿ) ಸೊನ್ನೆ ಇದ್ದರೆ, ವಿಂಡೋಸ್‌ಗೆ ಕಾರಣ ಬರೆಯಲೂ ಸಮಯ ಸಿಕ್ಕಿಲ್ಲ. ಹೆಚ್ಚಾಗಿ ಕರೆಂಟಿನ ದಾರಿಯಲ್ಲೇ ತೊಂದರೆ.

ಯುಪಿಎಸ್ ಇದ್ದರೆ, ಎಲ್ಲ ಕೆಲಸ ಸೇವ್ ಮಾಡಿ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಕಂಪ್ಯೂಟರ್ ಕೂಡಲೇ ಸತ್ತರೆ ಯುಪಿಎಸ್ ಬ್ಯಾಟರಿ ಹೋಗಿದೆ. ಮನೆಯ ಇನ್ವರ್ಟರ್ ಮೇಲೆ ನಡೆಯುತ್ತಿದ್ದರೆ ಅದರ ಹಿಂದೆ ಯುಪಿಎಸ್ ಮೋಡ್, ಇಕೋ ಅಥವಾ ನಾರ್ಮಲ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಕಂಪ್ಯೂಟರ್‌ಗೆ ಯುಪಿಎಸ್ ಮೋಡ್ ಬೇಕು. ಇನ್ನೊಂದರಲ್ಲಿ ಕರೆಂಟ್ ಬದಲಾಗುವುದು ತಡವಾಗಿ, ರೀಸ್ಟಾರ್ಟ್ ಆಗುತ್ತದೆ. ಹೀಗೆ ಪದೇ ಪದೇ ಆದರೆ ಫೈಲುಗಳು ಅರ್ಧಕ್ಕೆ ಬರೆದು ಹಾಳಾಗಿ, ಮುಂದೆ ನಿಜವಾದ ನೀಲಿ ಪರದೆಗೂ ಅದೇ ಕಾರಣವಾಗುತ್ತದೆ. ಆಗ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "sfc /scannow" ಅಂತ ಕೊಡಿ, sfc ಆದ ಮೇಲೆ ಒಂದು ಸ್ಪೇಸ್ ಇರಲಿ. ವಿಂಡೋಸ್ ತನ್ನ ಹಾಳಾದ ಫೈಲುಗಳನ್ನು ಸರಿಮಾಡಿಕೊಳ್ಳುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆಯಾ? ಅಲ್ಲಿಗೆ ನಿಲ್ಲಿಸಿ, ಪ್ಲಗ್ ತೆಗೆಯಿರಿ. ಮನೆಯಲ್ಲಿ ಅರ್ತಿಂಗ್ ಸರಿ ಇಲ್ಲ, ಇಲ್ಲವೇ ಒಳಗೆ ಎಲ್ಲೋ ಕರೆಂಟ್ ಸೋರುತ್ತಿದೆ. ಮೊದಲು ಎಲೆಕ್ಟ್ರಿಷಿಯನ್ ಬರಲಿ, ಕಂಪ್ಯೂಟರ್ ಆಮೇಲೆ. ಮೂರನೇ ಪಿನ್ ಮುರಿದ ಪ್ಲಗ್ಗನ್ನು ಎಂದೂ ಬಳಸಬೇಡಿ.

ಇವೆಲ್ಲ ಸರಿಯಿದ್ದರೆ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚುವ ಡಬ್ಬಿ) ಮೇಲೆ ಅನುಮಾನ. ಅಂಗಡಿಯಲ್ಲಿ ಬೇರೊಂದನ್ನು ಹಾಕಿ ನೋಡಬಹುದು. ಆದರೆ ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪ್ಯಾಸಿಟರ್‌ನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರಬಹುದು. ಸುಟ್ಟ ವಾಸನೆ ಬಂದರೆ, ಕಿಡಿ ಕಂಡರೆ ಅಥವಾ ಕೆಪ್ಯಾಸಿಟರ್ ಉಬ್ಬಿದ್ದರೆ ಮತ್ತೆ ಆನ್ ಮಾಡಿ ನೋಡುವುದೂ ಬೇಡ.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು. ಆಕಾಶ ಕಪ್ಪಾಗುವಾಗಲೇ ಪ್ಲಗ್ ಕಿತ್ತುಬಿಡಿ, ಇಂಟರ್‌ನೆಟ್‌ನ ಲ್ಯಾನ್ ಕೇಬಲನ್ನೂ ತೆಗೆಯಿರಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ.

ಫೈಲ್ ತೆರೆಯಲು ತಡ, ಕಟಕಟ ಸದ್ದು, ಆಮೇಲೆ ನೀಲಿ ಪರದೆ

"ಕರ್ನಲ್ ಡೇಟಾ ಇನ್‌ಪೇಜ್ ಎರರ್", "ಅನ್‌ಮೌಂಟೆಬಲ್ ಬೂಟ್ ವಾಲ್ಯೂಮ್" ಇಂಥ ಕೋಡ್ ಬಂದರೆ ಡಿಸ್ಕ್ ಕಡೆ ನೋಡಿ. ಇಲ್ಲಿ ಕ್ರಮ ಮುಖ್ಯ: ಮೊದಲು ಡೇಟಾ ನಕಲು, ಆಮೇಲೆ ಪರೀಕ್ಷೆ. ಸಾಯುತ್ತಿರುವ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ರಿಪೇರಿ ನಡೆಸಿದರೆ ಗಂಟೆಗಟ್ಟಲೆ ಓದಿಸಿ ಅದನ್ನು ಪೂರ್ತಿ ಮುಗಿಸಬಹುದು. ನಕಲು ಆದ ಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ. ನೀಲಿಯಲ್ಲಿ "ಗುಡ್" ಇದ್ದರೆ ಕೇಬಲ್ ಕಿತ್ತು ಮತ್ತೆ ಗಟ್ಟಿಯಾಗಿ ಹಾಕಿ ನೋಡಿ, ಉಪ್ಪುಗಾಳಿ ಅದನ್ನೂ ಬಿಡುವುದಿಲ್ಲ. "ಕಾಶನ್" ಅಥವಾ "ಬ್ಯಾಡ್" ಅಂತಿದ್ದರೆ ಹೊಸ ಡಿಸ್ಕ್ ತನ್ನಿ. ಕಟಕಟ ಸದ್ದು ಬರುತ್ತಿದ್ದು ನಕಲು ಇಲ್ಲದಿದ್ದರೆ ಕೂಡಲೇ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.

ಗಡಿಯಾರ ಹಿಂದಕ್ಕೆ ಹೋಗಿದೆ, "ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್"

ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ತಪ್ಪಾದರೆ ಮದರ್‌ಬೋರ್ಡ್‌ನ ಬಿಲ್ಲೆ ಬ್ಯಾಟರಿ ಮುಗಿದಿದೆ. ಬಯೋಸ್ ಸೆಟ್ಟಿಂಗ್ ಅಳಿಸಿ, ಡಿಸ್ಕ್ ಮೋಡ್ (ಡಿಸ್ಕ್ ಜೊತೆ ಮಾತಾಡುವ ವಿಧಾನ) ಬದಲಾಗಿ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುವುದಿಲ್ಲ. ಸಿಆರ್2032 ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸಿ, ಬಯೋಸ್‌ನಲ್ಲಿ ತಾರೀಖು ಮತ್ತು ಡಿಸ್ಕ್ ಮೋಡ್ ಸರಿಮಾಡಿ. ಹಳೆಯ ಬಿಲ್ಲೆ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಕ್ಕೆ ಅಪಾಯ.

ಅಂಗಡಿಗೆ ಒಯ್ಯುವಾಗ

ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದರೆ, ಯಂತ್ರಕ್ಕೆ ವಾರಂಟಿ ಇದ್ದರೆ, ಮದರ್‌ಬೋರ್ಡ್ ಅಥವಾ ಎಸ್‌ಎಂಪಿಎಸ್ ಮೇಲೆ ಅನುಮಾನ ಬಂದರೆ ಮನೆಯಲ್ಲಿ ಮುಂದುವರಿಯಬೇಡಿ. ಕೋಡ್‌ನ ಫೋಟೋಗಳು ಮತ್ತು ಆ ಚೀಟಿಯನ್ನು ಕೊಡಿ. "ಕಂಪ್ಯೂಟರ್ ಹಾಳಾಗಿದೆ" ಅನ್ನುವುದಕ್ಕಿಂತ "ಬೆಳಿಗ್ಗೆ ಥಂಡಿಯಲ್ಲಿ ಬರುತ್ತದೆ, ರ್‍ಯಾಮ್ ಒರೆಸಿ ನೋಡಿದ್ದೇನೆ, ಮೆಮೊರಿ ಪರೀಕ್ಷೆಯಲ್ಲಿ ತಪ್ಪಿಲ್ಲ" ಅಂದರೆ ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ ಅಂತ ಬಿಲ್ ಮೇಲೆಯೇ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ. ಮನೆಗೆ ತಂದ ಮೇಲೆ, ಮೊದಲು ಯಾವ ಕೆಲಸ ಮಾಡುವಾಗ ನೀಲಿ ಪರದೆ ಬರುತ್ತಿತ್ತೋ ಅದೇ ಕೆಲಸ ಮಾಡಿ ನೋಡಿ. ಅದೇ ಕೋಡ್ ಮತ್ತೆ ಬಂದರೆ ಫೋಟೋ ತೆಗೆದು, ಬಿಲ್ ಹಿಡಿದುಕೊಂಡು ಅಲ್ಲಿಗೇ ಹೋಗಿ.